ಎರಡು ಹನಿ ಎಣ್ಣೆ

ಗಾಳಿಯುಳಿ ಗುಂಯ್‌ಗುಡುವ ಬದಲು ಕೆಮ್ಮಿತು. ಕೆಮ್ಮಿ, ಕಾಗದದ ಮೇಲೂ ಚಿಕ್ಕ ಮೇಸ್ತ್ರಿಯ ಕನ್ನಡಕದ ಮೇಲೂ ಬಿಳಿ ಮೀಸೆಯ ಮೇಲೂ ಕಪ್ಪು ಎಣ್ಣೆ ಉಗುಳಿ ಸುಮ್ಮನಾಯಿತು.

“ದೇವರೇ, ಇದೂ ಹೋಯಿತೇ!” ಎಂದರು ಮೇಸ್ತ್ರಿ.

ಕೋಟಿ ಕೋಟಿ ವರ್ಷ ಬಂಡೆಯೊಳಗೆ ಮಲಗಿದ್ದ ಮೂಳೆಗಳನ್ನು ಬಿಡಿಸಿ ತೆಗೆಯುವ ಕೋಣೆ ಅದು. ಗಾಳಿಯ ಒತ್ತಡದಿಂದ ಓಡುವ, ಪೆನ್ನಿನ ಗಾತ್ರದ ಆ ಉಳಿ ಅವರ ಅಣ್ಣ ದೊಡ್ಡ ಮೇಸ್ತ್ರಿಯದು. ಅಣ್ಣ ತೀರಿಕೊಂಡು ನಲವತ್ತು ದಿನವಾಗಿತ್ತು. ಅವನು ಬಿಡಿಸುತ್ತಿದ್ದ ದವಡೆಯಲ್ಲಿ ಇನ್ನೊಂದೇ ಹಲ್ಲು ಕಲ್ಲಿನೊಳಗೆ ಉಳಿದಿತ್ತು. ಅದನ್ನು ಅಣ್ಣನ ಉಳಿಯಿಂದಲೇ ಬಿಡಿಸಬೇಕೆಂದು ಚಿಕ್ಕ ಮೇಸ್ತ್ರಿ ಇಂದು ಮನಸ್ಸು ಗಟ್ಟಿಮಾಡಿಕೊಂಡು ಕೂತಿದ್ದರು. ಇತ್ತ ಉಗ್ರಾಣದವರು ಹೊಸ ಉಳಿ ತರಿಸಿಟ್ಟು, ಹಳೆಯದು ಓಡದಿದ್ದರೆ ಮಧ್ಯಾಹ್ನದೊಳಗೆ ಗುಜರಿಗೆ ಕಳಿಸಿ ಎಂದು ಹೇಳಿಕಳಿಸಿದ್ದರು.

ಪಕ್ಕದ ಮೇಜಿನಲ್ಲಿ ಮುರಿದ ಮೂಳೆಗೆ ಅಂಟು ಹಚ್ಚುತ್ತಿದ್ದ ಅಣ್ಣನ ಮಗಳು ಎದ್ದು ಬಂದಳು. “ಬಿಚ್ಚಿ ನೋಡೋಣ ಚಿಕ್ಕಪ್ಪ. ಅಪ್ಪನ ಉಳಿ ಅಷ್ಟು ಸುಲಭಕ್ಕೆ ಕೈ ಕೊಡಲ್ಲ.”

ಬಿಚ್ಚಿದರು. ಒಳಗಿನಿಂದ ಎಣ್ಣೆ ತೊಟ್ಟಿಕ್ಕಲಿಲ್ಲ, ಸುರಿಯಿತು. ಗಾಳಿಯ ಕೊಳವೆಯನ್ನು ಬಗ್ಗಿಸಿದರೆ ಅಲ್ಲಿಂದಲೂ ಬಳಬಳನೆ ಇಳಿಯಿತು.

“ಇದೇನು ಉಳಿಯೋ ಎಣ್ಣೆ ಗಾಣವೋ!” ಎಂದ ಮೇಸ್ತ್ರಿ ತಟ್ಟನೆ ಬಾಯಿ ಮುಚ್ಚಿಕೊಂಡರು. ವರ್ಷವಿಡೀ ಬರುತ್ತಿದ್ದ ಎಣ್ಣೆ ಶೀಸೆ ಈ ನಡುವೆ ತಳ ಕಂಡದ್ದು ನೆನಪಾಯಿತು. ಮುಚ್ಚಳ ಸೋರುತ್ತಿದೆ ಎಂದುಕೊಂಡಿದ್ದರು.

ಅಣ್ಣನ ಪದ್ಧತಿ ಇಡೀ ಕೋಣೆಗೆ ಗೊತ್ತು. ಬೆಳಿಗ್ಗೆ ಬಂದವನೇ ದೇವರ ಹೆಸರು ಹೇಳಿ ಉಳಿಯ ಬಾಲಕ್ಕೆ ಎರಡು ಹನಿ ಎಣ್ಣೆ ಬಿಡುವನು. ಆಮೇಲೆ ಬಿಳಿ ಕಾಗದದ ಮೇಲೆ ಹಿಡಿದು ಗಾಳಿ ಬಿಡುವನು. ಕಾಗದದ ಮೇಲೆ ಚುಕ್ಕೆ ಬೀಳುವುದು ನಿಲ್ಲುವ ತನಕ ಉಳಿ ಮೂಳೆಯ ಹತ್ತಿರ ಹೋಗಕೂಡದು. ಎಣ್ಣೆ ಕುಡಿದ ಮೂಳೆಗೆ ಅಂಟು ಹಿಡಿಯುವುದಿಲ್ಲ.

“ಚಿಕ್ಕಪ್ಪ, ನಿಜ ಹೇಳಿ. ನೀವು ಇದಕ್ಕೆ ಎಣ್ಣೆ ಬಿಡ್ತಾ ಇದ್ರಾ?”

“ಎರಡೇ ಹನಿ ಕಣಮ್ಮ, ದಿನಾ. ನೀನು ಬರೋಕೆ ಮುಂಚೆ. ನೋಡಿದ್ರೆ ಅಳ್ತೀಯಾ ಅಂತ.”

“ನಾನೂ ಎರಡೇ ಹನಿ. ನೀವು ಊಟಕ್ಕೆ ಹೋದಾಗ. ನೋಡಿದ್ರೆ ನೀವು ಅಳ್ತೀರಾ ಅಂತ.”

“ಗಾಳಿ ಬಿಟ್ಟು ಕಾಗದದ ಮೇಲೆ ಹಿಡೀಲಿಲ್ವಾ?”

“ಸದ್ದಾಗಲ್ವಾ? ನೀವು ಹಿಡಿದ್ರಾ?”

ಮೇಸ್ತ್ರಿ ಬೆರಳು ಮಡಚಿ ಲೆಕ್ಕ ಹಾಕಿದರು. “ಇಬ್ಬರದೂ ಸೇರಿದ್ರೂ ಶೀಸೆ ಇಷ್ಟು ಬರಿದಾಗಬಾರದು.”

ಆಗ ಬಾಗಿಲ ಬಳಿ ಪೊರಕೆಯ ಸದ್ದು ನಿಂತಿತು. ಹದಿನೈದು ವರ್ಷದಿಂದ ಆ ಕೋಣೆಯ ಬೀಗ ತೆಗೆದು ಕಲ್ಲಿನ ಪುಡಿ ಗುಡಿಸುವ ಹೆಂಗಸು ಕಸದ ಬುಟ್ಟಿಯನ್ನೇ ನೋಡುತ್ತ ನಿಂತಿದ್ದಳು.

“ನೀನೂನಾ?” ಎಂದರು ಮೇಸ್ತ್ರಿ.

“ದೊಡ್ಡ ಮೇಸ್ತ್ರಿಯವರು ಹೋದ್ರು ಅಂತ ಅವರ ಉಳಿ ಉಪವಾಸ ಇರ್ಬೇಕಾ? ಬೀಗ ತೆಗೆದವಳೇ ಹಾಕ್ತಿದ್ದೆ. ನನ್ನ ಕೈ ಸ್ವಲ್ಪ ಧಾರಾಳ. ಎರಡು ಅನ್ನೋದು ನಾಲ್ಕಾಗಿರಬಹುದು.”

ಮೊದಲು ನಕ್ಕವಳು ಮಗಳು. ಅವಳ ನಗೆ ಚಿಕ್ಕಪ್ಪನಿಗೆ ಅಂಟಿತು. ಗುಡಿಸುವವಳಂತೂ ಪೊರಕೆ ಬಿಟ್ಟು ಹೊಟ್ಟೆ ಹಿಡಿದುಕೊಂಡಳು. ನಲವತ್ತು ದಿನದಲ್ಲಿ ಆ ಕೋಣೆ ಕೇಳಿದ ಮೊದಲ ನಗೆ ಅದು.

ಮೂವರೂ ಸೇರಿ ಉಳಿಯ ಒಂದೊಂದು ಭಾಗವನ್ನೂ ಒರೆಸಿದರು, ಕೊಳವೆಯನ್ನು ಬಸಿದರು, ಮತ್ತೆ ಜೋಡಿಸಿದರು. ಕಾಗದದ ಮೇಲೆ ಹಿಡಿದು ಗಾಳಿ ಬಿಟ್ಟರೆ ಮೊದಲು ಕಡಲೆಯಷ್ಟು ದೊಡ್ಡ ಚುಕ್ಕೆಗಳು, ಆಮೇಲೆ ಸಾಸಿವೆಯಷ್ಟು. ಉಗ್ರಾಣದ ಆಳು ಹಳೆಯ ಉಳಿ ಕೇಳಿಕೊಂಡು ಬಂದಾಗ ಅದು ಗುಂಯ್‌ಗುಡುತ್ತಿತ್ತು. ಅವನು ಬರಿಗೈಯಲ್ಲಿ ಹಿಂದಿರುಗಿದ.

“ನಾಳೆಯಿಂದ ಎಣ್ಣೆ ಯಾರು ಬಿಡೋದು?” ಎಂದಳು ಗುಡಿಸುವವಳು, ಶೀಸೆಯ ಮೇಲೆ ಕಣ್ಣಿಟ್ಟು.

“ನೀನೊಂದು ಹನಿ, ಇವಳೊಂದು ಹನಿ.”

“ಮತ್ತೆ ನಿಮಗೆ ಚಿಕ್ಕಪ್ಪ?”

“ನನಗೇನು, ಕಾಗದ ಹಿಡಿಯೋದು” ಎನ್ನುತ್ತ ಮೇಸ್ತ್ರಿ ಕನ್ನಡಕ ಸರಿಸಿ, ತೋಳಿನಿಂದ ಕಣ್ಣೊರೆಸಿಕೊಂಡರು. “ಹಾಳಾದ ಎಣ್ಣೆ, ಕಣ್ಣಿಗೂ ಸಿಡಿದಿದೆ.”

“ಕನ್ನಡಕ ಹಾಕ್ಕೊಂಡೇ ಇದ್ರಲ್ಲ ಮೇಸ್ತ್ರಿ?” ಎಂದಳು ಗುಡಿಸುವವಳು.

ಮೇಸ್ತ್ರಿ ಗಾಳಿ ಬಿಡುವ ಪೆಡಲ್ ಒತ್ತಿದರು. ಅಣ್ಣನ ಉಳಿ ಜೀರುಂಡೆಯಂತೆ ಹಾಡಿತು. ಅದರಡಿಯ ಕಾಗದ ಮಾತ್ರ ಒಣಗಿಯೇ ಇತ್ತು.