ಬಿಟ್ಟ ಪೆಟ್ಟು

“ನಾಲ್ಕು ಪೆಟ್ಟು ಹಾಕಿ ಐದನೆಯದ್ದು ಬಿಡುದುಂಟಲ್ಲ ದೇರಣ್ಣ, ಆಲಂಕಾರಿನ ಯಕ್ಷಗಾನದಾಟದಲ್ಲಿ ಗ್ಯಾಸ್‌ಲೈಟಿನ ಬುಡದಲ್ಲಿ ತೂಕಡಿಸುವವರೂ ಎದ್ದು ಕೂತ್ರು ಮಾರಾಯ! ಎಲ್ಲಿಂದ ಬಂತು ನಿನಗೆ ಈ ಹೊಸ ನಡೆ?” ಜಗಲಿಯಲ್ಲಿ ಕೂತಿದ್ದ ಭಾಗವತ ಡೊಂಬಯ್ಯ ಕೇಳಿದ.

“ಸುಬ್ರಾಯ ದೇವರು ಕನಸಲ್ಲಿ ಕೊಟ್ಟದ್ದು,” ಎಂದ ದೇರಣ್ಣ, ಮಡಿಲಲ್ಲಿದ್ದ ಮದ್ದಳೆಯನ್ನು ಸವರುತ್ತಾ.

ಒಳಗೆ ಭತ್ತ ಕುಟ್ಟುತ್ತಿದ್ದ ದೇರಣ್ಣನ ಹೆಂಡತಿ ಪೂವಮ್ಮ ಒನಕೆ ಹಿಡಿದುಕೊಂಡೇ ಹೊರಗೆ ಬಂದಳು. “ಯಾವ ದೇವರು? ಹೋದ ವರ್ಷ ತುಂಬು ಬಸುರಿ ನಾನು ಕುಟ್ಟುವಾಗ ನಾಲ್ಕು ಪೆಟ್ಟಿಗೊಮ್ಮೆ ಸೊಂಟ ಹಿಡೀತಿತ್ತು. ನಿಂತು ಉಸಿರು ತೆಗೀತಿದ್ದೆ. ನೀವು ಇಲ್ಲೇ ಕೂತು ತೊಡೆ ಮೇಲೆ ತಾಳ ಹಾಕಿದ್ದು. ಒಂದು ದಿನವಾದ್ರೂ ಎದ್ದು ಬಂದದ್ದುಂಟಾ?”

“ಭಾಗವತರ ಎದುರು ಎಂತ ಇದು ನಿನ್ನದು!” ದೇರಣ್ಣ ಗದರಿದ.

ಪೂವಮ್ಮ ಅವನ ಮಡಿಲಿನಿಂದ ಮದ್ದಳೆಯನ್ನು ಎತ್ತಿ ಕೆಳಗಿಟ್ಟಳು. ಆ ಮಡಿಲಲ್ಲಿ ಒನಕೆ ಇಟ್ಟಳು.