ಗೋಡೆ ಜಗಳ

“ಅಲ್ಲಲ್ಲ, ಅಲ್ಲಿ ಅಗೀಬೇಡಿ!”

ಪಕ್ಕದ ಮನೆಯ ಫುಸಾಕೊಳ ಕೂಗಿಗೆ ಅಕ್ಕಿ ಅಂಗಡಿಯ ಕಾದೊವಾಕಿ ತಲೆ ಎತ್ತಿದ. ಬೆಳಗಿನ ಜಾವದ ಭೂಕಂಪ ಕೋಬೆಯ ಆ ಓಣಿಯಲ್ಲಿ ನೆಟ್ಟಗೆ ನಿಂತ ಮನೆ ಒಂದನ್ನೂ ಉಳಿಸಿರಲಿಲ್ಲ. ಪೂರ್ವದ ತುದಿಯಲ್ಲಿ ಹೊತ್ತಿದ ಬೆಂಕಿ ಮನೆಯಿಂದ ಮನೆಗೆ ದಾಟುತ್ತಿತ್ತು. ನಲ್ಲಿಗಳಲ್ಲಿ ಹನಿ ನೀರಿರಲಿಲ್ಲ. ಅಗೆಯಲು ನಿಂತ ಮೂವರ ಬಳಿ ಇದ್ದದ್ದು ಗುದ್ದಲಿಗಳು ಮತ್ತು ಅಕ್ಕಿ ಸಾಗಿಸುವ ವ್ಯಾನಿನ ಒಂದು ಜಾಕ್. ಕಿನುಯೊ ಅಜ್ಜಿ ಆ ಹೆಂಚು, ಮಣ್ಣು, ತೊಲೆಗಳ ರಾಶಿಯ ಅಡಿಯಲ್ಲಿ ಎಲ್ಲೋ ಇದ್ದಳು.

“ಅಜ್ಜಿ ಮಲಗೋದು ಮುಂದಿನ ಕೋಣೇಲಿ ಕಣಮ್ಮ, ತೀರಿಹೋದ ಯಜಮಾನರ ಪೂಜಾಗೂಡಿನ ಎದುರಿಗೆ. ಇಡೀ ಓಣಿಗೆ ಗೊತ್ತು,” ಎಂದ ಕಾದೊವಾಕಿ.

“ಅದು ಹಿಂದೆ. ಈ ಚಳಿಗಾಲದಿಂದ ಅಡುಗೆಮನೆ ಪಕ್ಕ ಮಲಗ್ತಾರೆ. ನಮ್ಮ ಗೋಡೆಗೆ ಒತ್ಕೊಂಡು.”

“ನೀನೇನು ಹೋಗಿ ನೋಡಿದ್ಯಾ? ಆ ಮನೆ ಹೊಸಿಲು ತುಳಿದು ಯಾವ ಕಾಲ ಆಯ್ತು! ಬೀದೀಲಿ ಎದುರಾದ್ರೆ ಇಬ್ರೂ ಮುಖ ತಿರುಗಿಸ್ಕೊಂಡು ಹೋಗ್ತೀರಿ.”

“ಗೋಡೆಗೆ ಬಡೀತಾರಲ್ಲ, ಪೊರಕೆ ಕೋಲಿಂದ! ಮೊದಲೆಲ್ಲ ಎದ್ದು ಬಂದು, ನನ್ನ ತಲೆ ಎತ್ತರಕ್ಕೆ ಬಡೀತಿದ್ರು. ಈಗ ಹೊಲಿಗೆ ಮಿಷನ್ ತುಳಿದ ಕ್ಷಣಕ್ಕೇ ಸದ್ದು ಬರುತ್ತೆ, ಅದೂ ನೆಲದ ಹತ್ರದಿಂದ. ಮಲಗಿದಲ್ಲಿಂದಲೇ ಬಡೀತಾರೆ.”

ಫುಸಾಕೊ ಕಾರ್ಖಾನೆಗಳಿಗಾಗಿ ಮನೆಯಲ್ಲೇ ಕೂತು ಬೂಟಿನ ಮೇಲ್ಭಾಗ ಹೊಲಿಯುವವಳು. ಅವಳ ಮಿಷನ್ನಿನ ಸದ್ದಿಗೆ ಅಜ್ಜಿ ಗೋಡೆ ಬಡಿಯುವುದು, ಫುಸಾಕೊ ಬೂಟಿನ ಮರದ ಅಚ್ಚು ಎತ್ತಿಕೊಂಡು ತಿರುಗಿ ಬಡಿಯುವುದು: ಆ ಎರಡು ಮನೆಗಳ ನಡುವೆ ಉಳಿದಿದ್ದ ಮಾತುಕತೆ ಅಷ್ಟೇ.

“ಜಾಕ್ ಇರೋದು ಒಂದೇ,” ಕಾದೊವಾಕಿಯ ದನಿ ಇಳಿಯಿತು. “ನಿನ್ನ ಮಾತು ತಪ್ಪಾದ್ರೆ ಮತ್ತೆ ಈ ಕಡೆ ಬರೋಕೆ ಬೆಂಕಿ ಬಿಡಲ್ಲ. ಅಜ್ಜಿ ಜೀವ ನಿನ್ನ ತಲೆ ಮೇಲಿರುತ್ತೆ, ಯೋಚನೆ ಮಾಡು.”

ಫುಸಾಕೊ ಕುಸಿದ ತನ್ನ ಮನೆಯಿಂದ ಮರದ ಅಚ್ಚೊಂದನ್ನು ಕಿತ್ತುಕೊಂಡು, ಎರಡು ಮನೆಗಳ ನಡುವಿನ ಕಂಬ ರಾಶಿಯೊಳಗೆ ಓರೆಯಾಗಿ ಇಳಿದಿದ್ದೆಡೆಗೆ ತೆವಳಿದಳು. ಮೆಲ್ಲಗೆ ಮೂರು ಬಾರಿ ತಟ್ಟಿ ಕಂಬಕ್ಕೆ ಕಿವಿಯಿಟ್ಟಳು. ಉತ್ತರವಿಲ್ಲ. ಮತ್ತೆ ತಟ್ಟಿದಳು. ಅಷ್ಟರಲ್ಲಿ ನೆಲ ಇನ್ನೊಮ್ಮೆ ನಡುಗಿತು. ಹೆಂಚುಗಳು ಅವಳ ಬೆನ್ನ ಮೇಲೆ ಉರುಳಿದವು. ನಾಲ್ಕು ಮನೆಯಾಚೆ ಬೆಂಕಿಗೆ ಗಾಜು ಸಿಡಿಯಿತು.

“ಸಾಕು, ಈಚೆ ಬಾ!” ಕಾದೊವಾಕಿ ಮುಂದಿನ ಕೋಣೆಯತ್ತ ಜಾಕ್ ಹೊತ್ತು ಹೊರಟೇಬಿಟ್ಟ.

ಆಗ ಫುಸಾಕೊಗೆ ಹೊಳೆಯಿತು. ಮರ್ಯಾದೆಯಿಂದ ತಟ್ಟಿದರೆ ಆ ಮುದುಕಿ ಎಂದಾದರೂ ಓಗೊಟ್ಟಿದ್ದುಂಟೆ? ಅವಳು ಅಚ್ಚನ್ನು ಬಿಗಿಹಿಡಿದು, ಮಿಷನ್ನಿನ ಸೂಜಿ ಓಡುವಂತೆ, ಬಿಡುವಿಲ್ಲದೆ ಕಂಬಕ್ಕೆ ಬಡಿಯತೊಡಗಿದಳು. ಟಕಟಕಟಕಟಕ.

ರಾಶಿಯ ಆಳದಿಂದ ‘ದಬ್ ದಬ್’ ಎಂದಿತು. ಮತ್ತೆ, ಇನ್ನಷ್ಟು ಸಿಟ್ಟಿನಿಂದ, ‘ದಬ್ ದಬ್!’

“ಬೈತಾ ಇದ್ದಾಳೆ! ಮುದುಕಿ ಬೈತಾ ಇದ್ದಾಳೆ!” ಕಾದೊವಾಕಿ ಜಾಕ್ ಹೊತ್ತು ಓಡಿಬಂದ. “ನಿಲ್ಲಿಸಬೇಡ ಕಣೆ, ಹೊಲೀತಾ ಇರು!”

ಅಜ್ಜಿಯನ್ನು ಹೊರಗೆಳೆಯುವ ಹೊತ್ತಿಗೆ ಕಿಡಿಗಳು ಅವರ ತಲೆಯ ಮೇಲೆ ಹಾರುತ್ತಿದ್ದವು. ಅವಳು ಬಾಯೊಳಗಿನ ಮಣ್ಣು ಉಗುಳಿ ಫುಸಾಕೊಳನ್ನು ದುರುಗುಟ್ಟಿ ನೋಡಿದಳು. “ಇವತ್ತಾದ್ರೂ ಮಲಗೋಕೆ ಬಿಡ್ಬಾರ್ದೇನೆ?”

ಅವಳನ್ನು ಬೆನ್ನಿಗೇರಿಸಿಕೊಂಡು ಓಡುತ್ತಲೇ ಕಾದೊವಾಕಿ ಕೇಳಿದ: “ಯಜಮಾನರ ಎದುರು ಮಲಗೋದು ಬಿಟ್ಟು ಈ ಗೋಡೆಗೆ ಯಾಕಜ್ಜಿ ಅಂಟ್ಕೊಂಡ್ರಿ?”

“ಅವರು ಮಾತಾಡಲ್ಲವಲ್ಲಪ್ಪ.”

ತಿಂಗಳುಗಳು ಕಳೆದಂತೆ ನಗರ ಮತ್ತೆ ಎದ್ದು ನಿಂತಿತು. ಹಳಿಗಳ ಮೇಲೆ ರೈಲು ಓಡಿತು, ಬೂದಿಯಾಗಿದ್ದ ಓಣಿಯಲ್ಲಿ ಅಗಲವಾದ ರಸ್ತೆಗೆ ಗುರುತು ಬಿತ್ತು. ಮನೆ ಕಳೆದುಕೊಂಡವರಿಗೆ ತಾತ್ಕಾಲಿಕ ಮನೆಗಳನ್ನು ಚೀಟಿ ಎತ್ತಿ ಹಂಚಿದರು. ಯಾರ ಪಕ್ಕದಲ್ಲಿ ಯಾರಿದ್ದರೆಂದು ಚೀಟಿ ಕೇಳಲಿಲ್ಲ. ಅಜ್ಜಿಗೆ ಬೆಟ್ಟದಾಚೆ ಬಿತ್ತು, ಫುಸಾಕೊಗೆ ಕಡಲಂಚಿನಲ್ಲಿ. ಮರುವರ್ಷ ವಸಂತದಲ್ಲಿ, ಊರಿನ ವಾಡಿಕೆಯಂತೆ ಸಕ್ಕರೆ ಮತ್ತು ಸೋಯಾದಲ್ಲಿ ಬತ್ತಿಸಿದ ಪುಟ್ಟ ಮೀನಿನ ಡಬ್ಬಿ ಹಿಡಿದು ಫುಸಾಕೊ ಬಸ್ಸು ಹತ್ತಿದಳು. ಅಜ್ಜಿಯ ಮನೆಯ ಬಾಗಿಲು ತೆರೆದೇ ಇತ್ತು. ಅಜ್ಜಿ ಪೊರಕೆ ತಿರುಗಿಸಿ ಹಿಡಿದು ಗೋಡೆಗೆ ಬಡಿಯುತ್ತಿದ್ದಳು.

“ಏನಜ್ಜಿ, ಇಲ್ಲೂ ಶುರುಮಾಡಿದ್ರಾ? ಪಕ್ಕದ್ಮನೇಲಿ ಸದ್ದೇ ಇಲ್ವಲ್ಲ!”

“ಅದಕ್ಕೇ ಬಡೀತಿರೋದು.” ಅಜ್ಜಿ ತಿರುಗಲಿಲ್ಲ. “ಒಬ್ಬ ಮುದುಕ ಇದ್ದಾನೆ. ಹೆಸರು ಗೊತ್ತಿಲ್ಲ. ದಿನಾ ಬೆಳಗ್ಗೆ ರೇಡಿಯೋ ಹಾಕ್ತಿದ್ದ, ನಿನ್ನೆಯಿಂದ ಇಲ್ಲ. ಕರೆದೆ, ಬಾಗಿಲು ತಟ್ಟಿದೆ. ಬೀಗದ ಕೈ ತರ್ತೀನಿ ಅಂತ ಹೋದ ಮೇಲ್ವಿಚಾರಕ ಇನ್ನೂ ಪತ್ತೆಯಿಲ್ಲ.”

ಫುಸಾಕೊ ಡಬ್ಬಿಯನ್ನು ನೆಲಕ್ಕಿಟ್ಟಳು. ಸುಟ್ಟ ಓಣಿಯಿಂದ ತನ್ನ ಪಾಲಿಗೆ ಉಳಿದಿದ್ದ ಆ ಮರದ ಅಚ್ಚನ್ನು ಚೀಲದಿಂದ ತೆಗೆದು, ಮೊದಲು ಮೆಲ್ಲಗೆ, ಆಮೇಲೆ ಸೂಜಿಯ ಓಟದಲ್ಲಿ, ಗೋಡೆ ಕಂಪಿಸುವಂತೆ ಬಡಿದಳು. ನಿಲ್ಲಿಸಿದಳು.

ಇಬ್ಬರೂ ಉಸಿರು ಬಿಗಿಹಿಡಿದು ಆ ತೆಳು ಗೋಡೆಗೆ ಕಿವಿಯಿಟ್ಟರು. ಮೊದಲ ಬಾರಿಗೆ, ಗೋಡೆಯ ಒಂದೇ ಬದಿಯಲ್ಲಿ.