ಉಳಿಯ ಮೇಲಿನ ಕುಂಕುಮ

ಅಡುಗೆಮನೆಯ ಕಪಾಟು ಮಾಡಿ ಮುಗಿಸುವವರೆಗೆ ಹಿತ್ತಿಲ ಶೆಡ್ಡಿಗೆ ಇನ್ನೊಂದು ಉಪಕರಣ ತರುವುದಿಲ್ಲ ಎಂದು ಅವನು ಹೆಂಡತಿಗೆ ಮಾತು ಕೊಟ್ಟಿದ್ದ. ವಾರ ಕಳೆಯುವಷ್ಟರಲ್ಲಿ ಹೊಸ ಉಳಿ ತಂದ. ಆಮೇಲೆ ಅಳುಕಾಯಿತು. ಮಾಸಿದಂತೆ ಕಾಣಲು ಹಿಡಿಗೆ ಎಣ್ಣೆ, ಮರದ ಹೊಟ್ಟು ತಿಕ್ಕಿ, ಒಂದು ಬೊಟ್ಟು ಕುಂಕುಮವನ್ನೂ ಸವರಿ, ಹಳೆಯ ಉಳಿಗಳ ನಡುವೆ ಇಟ್ಟ.

ಆಯುಧಪೂಜೆಯ ಬೆಳಿಗ್ಗೆ ಸಾಮಾನು ಒರೆಸಲು ಕೂತ ಹೆಂಡತಿ ಮೊದಲು ಎತ್ತಿಕೊಂಡಿದ್ದೇ ಅದನ್ನು.

"ಇದು ಹೊಸದಲ್ವಾ?"

"ಹೋದ ವರ್ಷದ್ದು ಕಣೇ," ಎಂದ ಅವಳ ಮುಖ ನೋಡದೆ. "ಪೂಜೇಲಿ ನೀನೇ ಇಟ್ಟ ಕುಂಕುಮ ಇನ್ನೂ ಇದೆ ನೋಡು."

ಅವಳು ಆ ಬೊಟ್ಟನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿದಳು.

"ಹೋದ ವರ್ಷ ನಿಮ್ಮಮ್ಮ ತೀರಿಕೊಂಡಿದ್ರು. ನಾವು ಯಾವ ಹಬ್ಬಾನೂ ಮಾಡ್ಲಿಲ್ಲ."